ಬಾಂಬೆ ಗಂಡು, ಅಮೆರಿಕ ಗಂಡು

ನಮ್ಮ ಸೀಮೆಯಲ್ಲಿ ಅರ್ಥಶಾಸ್ತ್ರಜ್ಞರು ಎರಡು ಥರ. ಓದಿ ಆದವರು ಕೆಲವರು, ಹೆಣ್ಣು ಹುಡುಕಿಕೊಟ್ಟು ಆದವರು ಕೆಲವರು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ದಿನಾ ಹನ್ನೊಂದಕ್ಕೆ ಬಂದು ಕೂರುವ ನಮ್ಮ ಬ್ರೋಕರ್ ಭಾವ ಎರಡನೆಯ ಥರದವರಲ್ಲಿ ಹಿರಿಯರು. ವರಸೆಯಲ್ಲಿ ನನಗೆ ಅವರು ಭಾವನೂ ಅಲ್ಲ, ಮಾವನೂ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕಿಗೂ ಭಾವ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಬ್ಯಾಗಿನೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಫೋಟೊಗಳ ನಾಲ್ಕು ಕಟ್ಟು: ಅಮೆರಿಕ, ಬೆಂಗ್ಳೂರು, ಬಾಂಬೆ, ಊರು. ಮೊದಲ ಕಟ್ಟಿನ ಫೋಟೊಗಳಿಗೆ ಪ್ಲಾಸ್ಟಿಕ್ ಕವರ್ ಇದೆ. ಕೊನೆಯ ಕಟ್ಟಿಗೆ ಕಾಫಿ ಕಲೆ ಇದೆ.

ಮೊನ್ನೆ ಇಂಜಿನಿಯರಿಂಗ್ ಮುಗಿಸಿ ಮೊಬೈಲ್ ಹಿಡಿದು ಕೂತಿದ್ದ ಹುಡುಗನೊಬ್ಬ ತಲೆಯೆತ್ತಿ ಕೇಳಿದ: "ಭಾವ, ದೇಶ ಬುಟ್ಟು ಹೋದೋರಲ್ಲಿ ರಷ್ಯಾದೋರು ಜಾಸ್ತಿ ಸಂಪಾದ್ನೆ ಮಾಡ್ತಾರಂತಾ, ಪರಾಗ್ವೇಯೋರಾ?"

"ಪರಾಗ್ವೇ ಅನ್ನೋದು ಯಾವ ಹೋಬ್ಳೀಗ್ ಬತ್ತದ್ಲಾ?"

ಹುಡುಗ ಭೂಪಟ ತೋರಿಸಿದ. ಭಾವ ಕನ್ನಡಕ ಹಣೆಗೇರಿಸಿ ನೋಡಿ, ಅಲ್ಲಿಂದ ಯಾವ ಸಂಬಂಧವೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ತೀರ್ಪು ಕೊಟ್ಟರು: "ಅವ್ರ ವಿಚಾರ ಬುಡು. ನಮ್ಮೋರ್ನೇ ತಗೊ. ಅಮೆರಿಕಕ್ ಹೋದೋರು ಉದ್ಧಾರ ಆದ್ರು. ಬಾಂಬೆಗ್ ಹೋದೋರು ಹೋದಂಗೇ ಅವ್ರೆ. ರಕ್ತದ ಗುಣ ಕಣ್ಲಾ."

ಹೋಟೆಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ರಕ್ತದ ಗುಣ ಅಂದರೆ ನಮ್ಮಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಸಕ್ಕರೆ ಕಾಯಿಲೆಗೂ ಅದೇ ಕಾರಣ, ಸಾಲಕ್ಕೂ ಅದೇ ಕಾರಣ.

ಹಾಗೆ ನೋಡಿದರೆ ಆ ರಷ್ಯಾ–ಪರಾಗ್ವೇ ಲೆಕ್ಕವೇ ಮಹಾ ಸಿಕ್ಕು. ಮೆನ್ನೊನೈಟರು ಅಂತ ಒಂದು ಪಂಥದ ಕ್ರೈಸ್ತ ರೈತರಿದ್ದಾರೆ. ಆಡುವುದು ಒಂದು ಬಗೆಯ ಜರ್ಮನ್, ತಲೆಮಾರುಗಟ್ಟಲೆ ಉಳುಮೆ ಮಾಡಿದ್ದು ರಷ್ಯಾದ ನೆಲ. ಸ್ಟಾಲಿನ್ ಕಾಟ ತಾಳದೆ ಹೊರಟ ಒಂದಷ್ಟು ಸಂಸಾರಗಳು 1930ರಲ್ಲಿ ಪರಾಗ್ವೇಯ ಚಾಕೋ ಎಂಬ ಮುಳ್ಳುಕಾಡಿಗೆ ಹೋಗಿ ಇಳಿದವು. ಮೊದಲು ಜ್ವರ ಬಂದು ಸತ್ತರು, ಆಮೇಲೆ ಬರ, ಆಮೇಲೆ ಮಿಡತೆ. ಈಗ ಆ ದೇಶ ಕುಡಿಯುವ ಹಾಲಿನಲ್ಲಿ ದೊಡ್ಡ ಪಾಲು ಇವರ ಸಹಕಾರ ಸಂಘಗಳದ್ದು. ನಮ್ಮೂರ ಡೈರಿ ಇದ್ದ ಹಾಗೆ ಅನ್ನಿ, ಚುನಾವಣೆಯ ಬಾಡೂಟ ಒಂದನ್ನು ಕಳೆದು. ಇವರ ಮೊಮ್ಮಗ ನಾಳೆ ಕೆನಡಾಕ್ಕೆ ಹೋಗಿ ನಾಲ್ಕು ಕಾಸು ಮಾಡಿದರೆ ಅದನ್ನು ರಷ್ಯಾದ ರಕ್ತದ ಕಾಲಮ್ಮಿಗೆ ಬರೆಯುವುದೋ, ಪರಾಗ್ವೇ ರಕ್ತದ್ದಕ್ಕೋ, ಜರ್ಮನ್ನಿಗೋ? ಭಾವನನ್ನು ಕೇಳಿದೆ. "ಬೆಡಗು ನೋಡ್ದೆ ಹೇಳಕ್ಕಾಗಕಿಲ್ಲ" ಅಂದರು.

ಅದಿರಲಿ. ನಾಗಮಂಗಲ ತಾಲ್ಲೂಕಿನ ಒಂದು ಮನೆ ನನಗೆ ಗೊತ್ತು. ಎರಡು ಎಕರೆ ಖುಷ್ಕಿ, ರಾಗಿ, ಹುರುಳಿ, ಮಳೆ ಬಂದರೆ. ದೊಡ್ಡ ಮಗ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದು ಬಾಂಬೆ ಬಸ್ಸು ಹತ್ತಿದ. ಹೋಟೆಲಿನಲ್ಲಿ ಲೋಟ ತೊಳೆದ, ಆಮೇಲೆ ಬಾಡಿಗೆ ಆಟೋ ಓಡಿಸಿದ. ರಾತ್ರಿ ಎಂಟು ಜನ ಮಲಗುವ ರೂಮಿನಲ್ಲಿ ಒಂಬತ್ತನೆಯವನಾಗಿ ಮಲಗಿ ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸಿದ. ಆ ದುಡ್ಡಿನಲ್ಲಿ ತಮ್ಮ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ. ಈಗ ಟೆಕ್ಸಾಸ್‌ನಲ್ಲಿದ್ದಾನೆ. ಒಂದೇ ತಾಯಿ, ಒಂದೇ ತಪ್ಪಲೆಯ ಮುದ್ದೆ. ಭಾವನ ಬ್ಯಾಗಿನಲ್ಲಿ ಮಾತ್ರ ಅಣ್ಣ ಮೂರನೆಯ ಕಟ್ಟು, ತಮ್ಮ ಮೊದಲನೆಯ ಕಟ್ಟು. ತಮ್ಮ ಬಂದಾಗ ಊರಿನ ಅರ್ಧ ಜನ ಕಾರು ಮಾಡಿಕೊಂಡು ಏರ್‌ಪೋರ್ಟಿಗೆ ಹೋದರು. ಅಣ್ಣ ಬಂದಾಗ ಅರಳಿಕಟ್ಟೆಯಲ್ಲಿ ಕೂತವರು ಕೇಳಿದ್ದು ಒಂದೇ ಮಾತು: "ಏನ್ಲಾ, ಅಲ್ಲೂ ಗೇಯಕ್ಕಾಗ್ನಿಲ್ವಾ?"

ಒಂದೇ ಮನೆಯಲ್ಲಿ ಎರಡು ಥರದ ರಕ್ತ ಹೇಗಪ್ಪಾ ಹರಿಯಿತು ಅಂದರೆ ಭಾವ ಬಸ್ಸಿನ ಬೋರ್ಡು ಓದುತ್ತಾರೆ.

ರಕ್ತದ ಕಥೆ ಬಿಡಿ, ನೀರಿನ ಕಥೆ ಕೇಳಿ. ಕನ್ನಂಬಾಡಿ ಕಟ್ಟೆ ಶುರುವಾದದ್ದು 1911ರಲ್ಲಿ. ಹಿನ್ನೀರು ಕೆ.ಆರ್. ಪೇಟೆ ಕಡೆಯ ಹೊಲಗಳನ್ನೂ ನುಂಗಿತು, ನಾಲೆ ಹೊರಟದ್ದು ಕೆಳಗಿನ ಕಡೆಗೆ. ಜಮೀನು ಕೊಟ್ಟ ದಿಕ್ಕು ಒಂದು, ನೀರು ಕುಡಿದ ದಿಕ್ಕು ಇನ್ನೊಂದು. ಶ್ರೀರಂಗಪಟ್ಟಣ, ಪಾಂಡವಪುರದ ತಗ್ಗಿನ ಊರುಗಳಲ್ಲಿ ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬಿನ ದುಡ್ಡಿನ ಹಿಂದೆ ಹೈಸ್ಕೂಲು, ಹಾಸ್ಟೆಲ್ಲು, ಕಾಲೇಜು ಬಂತು. ನಾಗಮಂಗಲದ ದಿಣ್ಣೆಗೆ ನಾಲೆ ಹತ್ತಲಿಲ್ಲ. ಪೇಟೆಯಲ್ಲಿ ಹೇಮಾವತಿ ದಡದ ಊರಿಗೆ ಹಳೆಯ ಅಣೆಕಟ್ಟೆಗಳ ನೀರಿತ್ತು, ದಡ ಬಿಟ್ಟು ಮೂರು ಮೈಲಿ ಮೇಲೆ ಹೋದರೆ ಆಕಾಶವೇ ಗತಿ. ಬಾಂಬೆಗೆ ಹೊರಟವರು ಯಾವ ಊರಿನವರು ಅಂತ ಕೇಳುತ್ತಾ ಹೋಗಿ, ನಾಲೆಯ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾಲೆ ಇದ್ದವನು ಸೋಮಾರಿಯಾದರೂ ಊರಲ್ಲೇ ಇದ್ದ. ನಾಲೆ ಇಲ್ಲದವನು ಎಷ್ಟು ಗೇಯುವವನಾದರೂ ಗಂಟು ಕಟ್ಟಿದ.

ಅಮೆರಿಕದವರದ್ದು ಇನ್ನೊಂದು ಜರಡಿ. ವೀಸಾ ಕೊಡುವವರು ಮುಂಚೆಯೇ ಜರಡಿ ಆಡಿಸಿ ಡಿಗ್ರಿಯಿದ್ದ ಕಾಳನ್ನಷ್ಟೇ ವಿಮಾನಕ್ಕೆ ಹತ್ತಿಸುತ್ತಾರೆ. ಬಾಂಬೆ ಬಸ್ಸಿನವನು ಕೇಳುವುದು ಟಿಕೇಟು ಒಂದೇ. ಜರಡಿಯಾಡಿದ ಕಾಳನ್ನೂ ಕಣದ ರಾಶಿಯನ್ನೂ ಅಕ್ಕಪಕ್ಕ ಸುರಿದು, ನೋಡಿ, ಅಮೆರಿಕದ ಕಾಳು ಎಷ್ಟು ದಪ್ಪ ಅಂದರೆ ಕಣ ಮಾಡಿದ ಯಾವ ಹೆಂಗಸೂ ನಗುತ್ತಾಳೆ. ಪೇಪರಿನವರು, ಪಂಡಿತರು ನಗುವುದಿಲ್ಲ. ಗ್ರಾಫ್ ಬರೆಯುತ್ತಾರೆ.

ವಲಸೆ ಬಂದವರ ಏಳುಬೀಳಿನ ಅಧ್ಯಯನಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬಂದು ಹಿರೋಡೆಯ ಬಂಡೆಗಳ ಹತ್ತಿರ ಬಿಡಾರ ಹೂಡಿದರು. ಬ್ರಿಟಿಷರು ಊರಿಗೇ ಫ್ರೆಂಚ್ ರಾಕ್ಸ್ ಅಂತ ಹೆಸರಿಟ್ಟರು. ಅದೇ ಬೆಟ್ಟಗಳಿಗೆ ಅದಕ್ಕೂ ಹಿಂದೆ ಇನ್ನೊಂದು ವಲಸೆಯ ಸಂಸಾರ ಬಂದಿತ್ತು ಅಂತ ಪ್ರತೀತಿ: ತಾಯಿ ಒಬ್ಬಳು, ಮಕ್ಕಳು ಐವರು, ಆಸ್ತಿಯೆಲ್ಲ ಜೂಜಿನಲ್ಲಿ ಹೋಗಿತ್ತು, ಸ್ವಂತ ಮನೆ ಇಲ್ಲ, ಊಟ ಭಿಕ್ಷೆಯದ್ದು. ಯಾವ ಬ್ರೋಕರ್ ಪುಸ್ತಕದಲ್ಲೂ ಜಾಗ ಸಿಗದ ಸಂಸಾರ. ಕೊನೆಗೆ ಊರು ಯಾರ ಹೆಸರಿಗಾಯಿತು? ಫಿರಂಗಿ ಇದ್ದ ಫ್ರೆಂಚರು ಅಳಿಸಿಹೋದರು, ಕುಂತಿಬೆಟ್ಟದ ಪಾಂಡವರ ಹೆಸರು ನಿಂತು ಊರು ಪಾಂಡವಪುರ ಆಯಿತು.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರ ಗೋರಿಗಳಿವೆ. ಮೊದಲು ಡಚ್ಚರ ಸಂಬಳ, ಆಮೇಲೆ ಇಂಗ್ಲಿಷರ ಸಂಬಳ; 1799ರಲ್ಲಿ ಟಿಪ್ಪುವಿನ ಮೇಲೆ ಬಂದವರು. ಸ್ವಿಸ್ ರಕ್ತವಂತೆ, ಶಿಸ್ತಂತೆ. ನಮ್ಮ ಸೊಳ್ಳೆಗೆ ಅದ್ಯಾವುದೂ ತಿಳಿಯಲಿಲ್ಲ. ಜ್ವರಕ್ಕೆ ಹೆದರಿ ಇಂಗ್ಲಿಷರ ದಂಡೇ ಬೆಂಗಳೂರಿಗೆ ಎದ್ದುಹೋಯಿತು. ಹೋಗದವರು ಇಲ್ಲೇ ಮಲಗಿದ್ದಾರೆ. ಎಷ್ಟೋ ಕಾಲದ ಮೇಲೆ ಡಿ ಮ್ಯೂರಾನ್ ವಂಶದವರು ಬಂದು ಗೋರಿಗಳನ್ನು ದುರಸ್ತಿ ಮಾಡಿಸಿದರು. ಬಾಂಬೆಯ ಲೋಟ ತೊಳೆಯುವ ಹುಡುಗನ ವಂಶಸ್ಥರಿಗೆ ಇಷ್ಟು ಪುರುಸೊತ್ತು ಬರುವ ಕಾಲವೂ ಬರಲಿ. ಇನ್ನು ಮೇಲುಕೋಟೆ. ಚೋಳ ರಾಜನ ಕಾಟ ತಾಳದೆ ತಮಿಳು ನಾಡಿನಿಂದ ಬಂದ ಒಬ್ಬ ನಿರಾಶ್ರಿತರನ್ನು ಅಂದಿನ ಜನ 'ಹೊರಗಿನವರು' ಅಂತ ಟೋಲ್‌ಗೇಟಿನಲ್ಲಿ ತಡೆದಿದ್ದರೆ ರಾಮಾನುಜಾಚಾರ್ಯರೂ ಇಲ್ಲ, ಚೆಲುವನಾರಾಯಣನ ಈ ವೈಭವವೂ ಇಲ್ಲ.

ಮಣ್ಣಿನ ಗುಣ ಅನ್ನುವವರಿಗೂ ಒಂದು ಪುರಾವೆ ಕೊಡುತ್ತೇನೆ, ಬೇಜಾರಾಗಬಾರದು. 1943ರಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಹುಡುಗ ಶಿಕಾರಿಪುರಕ್ಕೆ ಹೋಗಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ, ಗಿರಣಿ ಮಾಲೀಕರ ಮಗಳನ್ನೇ ಮದುವೆಯಾದ, ನಾಲ್ಕು ಸಲ ಮುಖ್ಯಮಂತ್ರಿಯಾದ. 1948ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಹೆಣ್ಣುಮಗು ಮದರಾಸಿಗೆ ಹೋಗಿ ಸಿನಿಮಾ ತಾರೆಯಾದಳು, ಮುಖ್ಯಮಂತ್ರಿಯಾದಳು, ತಾನು ಹುಟ್ಟಿದ ಬೆಟ್ಟದಿಂದ ಅಷ್ಟೇನೂ ದೂರವಿಲ್ಲದ ಕಟ್ಟೆಯ ನೀರನ್ನು ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋದಳು. ಮಂಡ್ಯದಲ್ಲಿ ಪ್ರತಿಕೃತಿ ಸುಟ್ಟೆವು. ಸುಟ್ಟದ್ದು ನಮ್ಮೂರ ಹೆಣ್ಣುಮಗಳನ್ನೇ ಅಂತ ಆಗ ಯಾರಿಗೂ ನೆನಪಾಗಲಿಲ್ಲ. ಬಾಂಬೆಯಲ್ಲಿ ಹೋಟೆಲ್ ನಡೆಸಿ ಬಂದ ಕೆ.ಸಿ. ನಾರಾಯಣಗೌಡರು ಪೇಟೆಯಿಂದ ಶಾಸಕರಾಗಿ ಮಂತ್ರಿಯೂ ಆದರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ಮಾಡಿ ಬಂದ ದರ್ಶನ್ ಪುಟ್ಟಣ್ಣಯ್ಯ 2023ರಲ್ಲಿ ಮೇಲುಕೋಟೆ ಕ್ಷೇತ್ರದ ಶಾಸಕರಾದರು. ಇಬ್ಬರಿಗೂ ವಿಧಾನಸಭೆಯಲ್ಲಿ ಸಿಕ್ಕಿದ್ದು ಒಂದೇ ಅಳತೆಯ ಕುರ್ಚಿ. ಮತ ಹಾಕುವಾಗ ನಮಗೆ ಬಾಂಬೆ, ಅಮೆರಿಕ ಎರಡೂ ಒಂದೇ. ಹೆಣ್ಣು ಕೊಡುವಾಗ ಮಾತ್ರ ಭೇದ.

ಭೇದ ಎಷ್ಟು ಅಂತ ಅಳೆದು ತೋರಿಸಿದ್ದು ಕೊರೋನಾ ಕಾಲದ 2020ರ ಮೇ ತಿಂಗಳು. ಮೇ 11ರಂದು ಲಂಡನ್ನಿಂದ ಬೆಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಇಳಿಯಿತು. ಬಂದವರನ್ನು ನಾವು 'ಅನಿವಾಸಿ ಕನ್ನಡಿಗರು' ಅಂದೆವು, ಕೈಲಾದ ಕಾಸಿಗೆ ತಕ್ಕ ಹೋಟೆಲ್ ರೂಮಿನಲ್ಲಿ ಕ್ವಾರಂಟೈನ್ ಮಾಡಿದೆವು. ಅದೇ ಹೊತ್ತಿಗೆ ಬಾಂಬೆಯಲ್ಲಿ ಹೋಟೆಲ್ ಮುಚ್ಚಿ, ಆಟೋ ನಿಂತು, ಬಾಡಿಗೆ ಕಟ್ಟಲಾಗದೆ ಹೊರಟು ಬಂದವರನ್ನು 'ಮುಂಬೈ ಸೋಂಕಿತರು' ಅಂದೆವು. ಮೊರಾರ್ಜಿ ಶಾಲೆ, ಹಾಸ್ಟೆಲ್ಲುಗಳಲ್ಲಿ ಕೂಡಿದೆವು. ಮಂಡ್ಯದ ಪಟ್ಟಿ ದಿನದಿನಕ್ಕೆ ಉದ್ದವಾಯಿತು, ಅದರಲ್ಲಿ ಪೇಟೆ, ನಾಗಮಂಗಲದ ಊರುಗಳದ್ದೇ ಸಿಂಹಪಾಲು. ಊರ ಬಾಗಿಲಿಗೆ ಮುಳ್ಳು ಹಾಕಿದರು. ಮೇ 18ರಂದು ಸರ್ಕಾರ ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಒಳಗೆ ಬಿಡುವುದಿಲ್ಲ ಅಂತ ಹೇಳಿತು. ಹೇಳಿದ ಮುಖ್ಯಮಂತ್ರಿ ಬೂಕನಕೆರೆಯಿಂದ ವಲಸೆ ಹೋದವರು. ಜಿಲ್ಲೆಯ ಉಸ್ತುವಾರಿ ಮಂತ್ರಿ ಬಾಂಬೆಯಿಂದ ಬಂದವರು. ಗೇಟಿನ ಆಚೆ ನಿಂತವರೂ ಪೇಟೆಯವರೇ. ವೈರಸ್ಸಿಗೆ ಇಲ್ಲದ ವರ್ಗಭೇದ ರೂಮಿನ ಬಾಡಿಗೆಯಲ್ಲಿತ್ತು. ಬಾಂಬೆಯವರಿಗೆ ಇದು ಹೊಸದೇನಲ್ಲ. ಅಲ್ಲಿ ಶಿವಸೇನೆ ಹುಟ್ಟಿದ 1966ರಿಂದ ಅವರು 'ಮದ್ರಾಸಿ'ಗಳು, ಇಲ್ಲಿ 'ಬಾಂಬೆಯವರು'. ಎರಡೂ ಕಡೆ ಹೊರಗಿನವರಾಗುವ ಭಾಗ್ಯ ಟೆಕ್ಸಾಸಿನ ತಮ್ಮನಿಗೆ ಸಿಕ್ಕಿಲ್ಲ.

ಊರು ಬಿಡದೆ ಉಳಿದವರ ಪಾಡು ಕೇಳಬೇಡಿ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ಆಯಿತು. ಇನ್ನೂರೈವತ್ತರಷ್ಟು ಹೆಣ್ಣುಗಳಿಗೆ ಹತ್ತು ಸಾವಿರ ಮೀರಿ ಗಂಡುಗಳು ಬಂದಿದ್ದರು. ಬೇಸಾಯ ಮಾಡುತ್ತೇನೆ ಅಂದವನಿಗೆ ಹೆಣ್ಣಿಲ್ಲ. ಮುಂದಿನ ಫೆಬ್ರವರಿಯಲ್ಲಿ ಮದುವೆಯಾಗದ ಹುಡುಗರು ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಭಾವನ ಪ್ರಕಾರ ಅದೂ ವಲಸೆಯೇ. ಆದರೆ ಹೋದವರು ಹೋದ ಹಾಗೇ ವಾಪಸ್ ಬಂದರು.

ಹೋದ ವಾರ ಭಾವನ ಜೊತೆ ಪಾಂಡವಪುರದ ಕಡೆ ಒಂದು ಆಲೆಮನೆಗೆ ಹೋಗಿದ್ದೆ. ಮಾಲೀಕ ಕಬ್ಬಿನ ತೂಕ ಬರೆಯುತ್ತಿದ್ದ. ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುತ್ತಿದ್ದವನು ಉತ್ತರ ಪ್ರದೇಶದವನು, ಮುಜಫ್ಫರನಗರದ ಕಡೆಯವನು. ನೊರೆ ತೆಗೆದು, ಬೆರಳಲ್ಲಿ ಪಾಕದ ಎಳೆ ಹಿಡಿದು ನೋಡಿ, ಬೆಂಕಿಗೆ ಇನ್ನೊಂದು ಹಿಡಿ ಸಿಪ್ಪೆ ಹಾಕಿಸಿದ. ಭಾವ ನನ್ನ ಕಿವಿಯಲ್ಲಿ, "ಇವ್ರು ಬಂದು ನಮ್ಮ ಐಕ್ಳ ಕೆಲ್ಸ ಕಿತ್ಕಂಡ್ರು" ಅಂದರು. ನಮ್ಮ ಐಕಳು ಎಲ್ಲಿ ಅಂದೆ. "ಬಾಂಬೇಲವ್ರೆ" ಅಂದರು. ಅಚ್ಚಿಗೆ ಸುರಿದಾದ ಮೇಲೆ ಆ ಉತ್ತರದವನು ಕೈ ಒರೆಸಿಕೊಂಡು ಬಂದು ಮೊಬೈಲಿನಲ್ಲಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಫೋಟೊ ತೋರಿಸಿದ. ದೊಡ್ಡವಳು ಈ ಸಲ ನಾಲ್ಕನೇ ಕ್ಲಾಸಂತೆ.

ಆಲೆಮನೆಯ ಮಾಲೀಕನ ಫೋಟೊ ಭಾವನ ನಾಲ್ಕನೆಯ ಕಟ್ಟಿನಲ್ಲಿ ಆರು ವರ್ಷದಿಂದ ಇದೆ. ಮೂವತ್ತಾರು ವಯಸ್ಸು, ಮೂರು ಎಕರೆ ತರಿ, ನಾಲೆಯ ನೀರು, ಕುಡಿತ ಇಲ್ಲ. ಹೆಣ್ಣಿದ್ದರೆ ತಿಳಿಸಿ.