ಯಾವಗಲ್ ಸೀಮೆಯ ಆಂಗ್ಲಪಾಸು ಮೀಮಾಂಸೆ

ಗದಗ ಜಿಲ್ಲೆ ರೋಣ ತಾಲ್ಲೂಕಿನ ಯಾವಗಲ್ ಎರೆಮಣ್ಣಿನ ಊರು. ಇಲ್ಲಿ ಹಿಂಗಾರಿನ ಕಡಲೆ-ಜೋಳದ ಸುಗ್ಗಿ ಮುಗಿಯುವುದೂ, ಇಂಗ್ಲಿಷ್ ಎಂಬ ವಿಷಯವೊಂದಿದೆಯೆಂದು ದ್ವಿತೀಯ ಪಿಯುಸಿ ವಿದ್ಯಾರ್ಥಿಗೆ ಹೊಳೆಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಇವೆರಡರ ಕಾರ್ಯಕಾರಣ ಸಂಬಂಧವನ್ನು ಪೂರ್ವಸೂರಿಗಳಾರೂ ಶೋಧಿಸದ ಕಾರಣ ಈ ಪ್ರಬಂಧ ಅನಿವಾರ್ಯವಾಯಿತು.

ಮೊದಲು ಪೂರ್ವಪಕ್ಷ. ಇಂಗ್ಲಿಷ್ ಪರೀಕ್ಷೆಗೆ ಇಂಗ್ಲಿಷ್ ಬರಬೇಕು ಎಂದು ಕೆಲವರು ವಾದಿಸುವರು. ಇದು ಪ್ರತ್ಯಕ್ಷ ಪ್ರಮಾಣಕ್ಕೆ ವಿರುದ್ಧ. ಬಾರದೆಯೂ ಪಾಸಾದವರು ಓಣಿಗೊಬ್ಬರು ಸಿಗುತ್ತಾರೆ. ಆದ್ದರಿಂದ ಸಿದ್ಧಾಂತ: ಬರಬೇಕಾದದ್ದು ಇಂಗ್ಲಿಷಲ್ಲ, ‘ಪಾಸಿಂಗ್ ಪ್ಯಾಕೇಜು’. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಡೆದು ತೆಗೆದ ಈ ಗ್ರಂಥ ಝೆರಾಕ್ಸ್ ಅಂಗಡಿಯಲ್ಲಿ ಲಭ್ಯ. ಕರ್ತೃವಿನ ಹೆಸರಿಲ್ಲದ್ದರಿಂದ ಅಪೌರುಷೇಯವೆಂದೇ ತಿಳಿಯತಕ್ಕದ್ದು. ಪ್ರತಿಯ ಪ್ರತಿ ತೆಗೆದಷ್ಟೂ ಅಕ್ಷರ ಮಾಸುವುದರಿಂದ ಪಾಠಾಂತರಗಳಿಗೆ ಮಾತ್ರ ಲೆಕ್ಕವಿಲ್ಲ.

ಇನ್ನು ಮೂಲಪಠ್ಯ. ಅದನ್ನು ತೆರೆಯುವುದು ಸಂಪ್ರದಾಯವಲ್ಲ. ಸಂಶೋಧನೆಯ ಸಲುವಾಗಿ ನಾವು ತೆರೆದೆವು. ಇತ್ತೀಚಿನ ವರ್ಷಗಳ ಪುಸ್ತಕದಲ್ಲಿ ಷೇಕ್ಸ್‌ಪಿಯರ್, ಟಾಲ್‌ಸ್ಟಾಯ್, ನೆರೂಡ, ಬೋರ್ಹೆಸ್ ಎಲ್ಲರೂ ರೋಣದ ಬಸ್ಸಿನಲ್ಲಿ ನಿಂತ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ರೋಮಿಯೋ ಜೂಲಿಯೆಟ್‌ಳನ್ನು ಏಕೆ ಹೊಗಳಿದ ಎಂಬುದು ಯಾರಿಗೂ ಬೇಕಿಲ್ಲ, ಎಷ್ಟು ಸಾಲಿನಲ್ಲಿ ಹೊಗಳಿದರೆ ನಾಲ್ಕು ಅಂಕ ಎಂಬುದಷ್ಟೇ ಬೇಕು. ಗೈಡಿನ ಹಂಗಿಲ್ಲದೆ ಅರ್ಥವಾಗುವವನು ನೈಜೀರಿಯಾದ ಚಿನುವಾ ಅಚಿಬೆಯೊಬ್ಬನೇ. ಅವನ ‘ದ ವೋಟರ್’ ಕಥೆಯ ರೂಫ್, ಎದುರು ಪಕ್ಷದಿಂದ ಐದು ಪೌಂಡ್ ತಗೊಂಡು, ಮತಚೀಟಿಯನ್ನು ಎರಡು ತುಂಡು ಮಾಡಿ ಎರಡೂ ಪೆಟ್ಟಿಗೆಗೆ ಹಾಕುತ್ತಾನೆ. ಇದನ್ನು ಮೊಮ್ಮಗನ ಬಾಯಿಂದ ಕೇಳಿದ ಕಟ್ಟೆಯ ಮೇಲಿನ ಅಜ್ಜನ ಭಾಷ್ಯ: ‘ಮನಷ್ಯಾ ನಿಯತ್ತಿನಾಂವ ಅದಾನ ಬಿಡಪಾ.’

ಕುವೆಂಪು, ಲಂಕೇಶರ ಗತಿ ಇನ್ನೂ ಸ್ವಾರಸ್ಯಕರ. ಇಬ್ಬರೂ ಕನ್ನಡದಲ್ಲಿ ಬರೆದವರು. ಈ ಪುಸ್ತಕದಲ್ಲಿ ಇಂಗ್ಲಿಷ್ ತೊಟ್ಟಿದ್ದಾರೆ. ಹುಡುಗ ಅದನ್ನು ಗೈಡಿನ ಕನ್ನಡ ಸಾರಾಂಶದಲ್ಲಿ ತಿಳಿದುಕೊಂಡು, ಇಂಗ್ಲಿಷ್ ಉತ್ತರ ಬಾಯಿಪಾಠ ಮಾಡಿ, ಮೌಲ್ಯಮಾಪಕರಿಗೆ ಒಪ್ಪಿಸುತ್ತಾನೆ. ಮನೆಯ ಅಲಮಾರಿಯಲ್ಲಿ ಕುವೆಂಪು ಇದ್ದರೂ ಕೈ ಹಾಕುವಂತಿಲ್ಲ, ಅದು ಸಿಲೆಬಸ್ಸಿನಲ್ಲಿಲ್ಲ.

ವ್ಯಾಕರಣಕಾಂಡದ ಶಿಖರ ನೌಕರಿಯ ಅರ್ಜಿ. ಅದರಲ್ಲಿ ಹೆಸರಿಗೆ ಎಕ್ಸ್ ಎಕ್ಸ್ ಎಕ್ಸ್, ವಿಳಾಸಕ್ಕೆ ವೈ ವೈ ವೈ ಎಂದೇ ಬರೆಯಬೇಕೆಂದು ಪ್ರಶ್ನೆಪತ್ರಿಕೆಯ ಅಪ್ಪಣೆ. ಹೀಗೆ ಬೀದರಿನಿಂದ ಚಾಮರಾಜನಗರದವರೆಗೆ ಲಕ್ಷಗಟ್ಟಲೆ ಎಕ್ಸ್‌ಗಳು ಒಂದೇ ಬೆಳಿಗ್ಗೆ ವೈ ಎಂಬ ಊರಿನಿಂದ ನೌಕರಿ ಬೇಡುತ್ತಾರೆ. ಒಬ್ಬನಿಗೂ ಸಂದರ್ಶನಕ್ಕೆ ಕರೆ ಬಂದ ದಾಖಲೆ ನಮಗೆ ದೊರೆತಿಲ್ಲ.

ಅಂಕತತ್ತ್ವ ಸುಲಭ. ಬರಹಕ್ಕೆ 80, ಆಂತರಿಕಕ್ಕೆ 20. ಆ 20 ಗುರುಕೃಪೆಗೆ ಸೇರಿದ್ದರಿಂದ ಚರ್ಚೆಗೆ ಒಳಪಡಿಸತಕ್ಕದ್ದಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದಾಗ ಪುನರ್ಜನ್ಮವಾದವು ಪಿಯು ಮಂಡಲದಲ್ಲಿ ಸರ್ಕಾರಿ ಆದೇಶದಿಂದಲೇ ಸ್ಥಾಪಿತವಾಯಿತು. ಮೊದಲನೆಯದರಲ್ಲಿ ಬಿದ್ದವನಿಗೆ ಮನೆಯಲ್ಲಿ ಬೈಗುಳ ಕಡಿಮೆಯಾಗಿ, ‘ಇನ್ನೂ ಎರಡು ಅದಾವಲ್ಲ’ ಎಂಬ ವೈರಾಗ್ಯ ಹೆಚ್ಚಿತು. ಚೀಟಿಯ ಪ್ರಾಚೀನ ಕಲೆಗೆ ಮಾತ್ರ ಕೋಣೆಯ ಕ್ಯಾಮೆರಾ ಬಂದ ಮೇಲೆ ಇಳಿಗಾಲ. ಅಂಗೈಯಗಲದ ಕಾಗದದಲ್ಲಿ ಇಡೀ ಟಾಲ್‌ಸ್ಟಾಯ್‌ನನ್ನು ಅಡಗಿಸುತ್ತಿದ್ದ ಸಂಕ್ಷೇಪಕಾರರು ಈಗ ನಿರುದ್ಯೋಗಿಗಳು.

ಈ ಮೀಮಾಂಸೆಯನ್ನು ಒಪ್ಪದ ವಿದ್ವಾಂಸರು ಫೆಬ್ರವರಿ ಕೊನೆಗೆ ಯಾವಗಲ್‌ಗೆ ಬಂದು, ಪ್ಯಾಕೇಜು ಹಿಡಿದು ಕೂತ ಯಾವ ಹುಡುಗನನ್ನಾದರೂ ಇಂಗ್ಲಿಷಿನಲ್ಲಿ ಹೆಸರು ಕೇಳಿ ನೋಡಬಹುದು. ಅವನು ವಿನಯದಿಂದಲೇ ವಿಚಾರಿಸುತ್ತಾನೆ: ‘ಇದು ಎಷ್ಟ್ ಮಾರ್ಕ್ಸಿಂದ್ರೀ ಸರ್?’