‘ಗೆಟ್’: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ‘ಗೆಟ್’ ಎಂಬ ಇಂಗ್ಲಿಷ್ ಕ್ರಿಯಾಪದ ಈಗ ನಿಮ್ಮದು. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿಯ ಕೈಪಿಡಿಯನ್ನು ಅಟ್ಟದ ಮೇಲೆ ಎಸೆದಂತೆ ಇದನ್ನೂ ಎಸೆಯಬೇಡಿ.

ಪೆಟ್ಟಿಗೆಯಲ್ಲಿರುವುದು: ಮೂರಕ್ಷರದ ಮೋಟಾರು ಒಂದು. ಹಳೆಯ ಮಾಲು, ಸ್ಕ್ಯಾಂಡಿನೇವಿಯಾದವರ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಜತೆಗೆ ಆನ್, ಆಫ್, ಇನ್, ಔಟ್, ಓವರ್, ಬೈ ಮುಂತಾದ ಜಾರುಗಳು. ಅಮೆರಿಕದ ಗಿರಾಕಿಗಳಿಗೆ ‘ಗಾಟನ್’ ಎಂಬ ಬಿಡಿಭಾಗ ಹೆಚ್ಚುವರಿ.

ಜೋಡಣೆ 1, ಗುಣವಾಚಕ: ಮೋಟಾರಿಗೆ ‘ವೆಟ್’ ಸಿಕ್ಕಿಸಿದರೆ ಒದ್ದೆಯಾಗುತ್ತೀರಿ, ‘ಆಂಗ್ರಿ’ ಸಿಕ್ಕಿಸಿದರೆ ಸಿಟ್ಟಾಗುತ್ತೀರಿ. ‘ಓಲ್ಡ್’ ಸಿಕ್ಕಿಸಿದರೆ ವಯಸ್ಸಾಗುತ್ತದೆ. ಮಾಲು ವಾಪಸ್ ಪಡೆಯಲಾಗುವುದಿಲ್ಲ. ಇಲ್ಲೆಲ್ಲ ‘ಗೆಟ್’ ನಮ್ಮ ‘ಆಗು’ವಿನ ದಾಯಾದಿ. ಆದರೆ ‘ಬಿ’ ಜತೆ ಬೆರೆಸಬೇಡಿ. ‘ಗೆಟ್ ಮ್ಯಾರೀಡ್’ ಎಂದರೆ ಮುಹೂರ್ತ, ಗಟ್ಟಿಮೇಳ. ‘ಬಿ ಮ್ಯಾರೀಡ್’ ಎಂದರೆ ಆಮೇಲಿನದ್ದೆಲ್ಲ.

ಜೋಡಣೆ 2, ವಾಹನ: ಒಳಗೆ ಎದ್ದು ಓಡಾಡಬಹುದೇ? ಬಸ್ಸು, ರೈಲು, ವಿಮಾನ. ಹತ್ತಲು ‘ಆನ್’, ಇಳಿಯಲು ‘ಆಫ್’. ಬಗ್ಗಿ ತೂರಿಕೊಳ್ಳಬೇಕೇ? ಕಾರು, ಆಟೊ. ಅವಕ್ಕೆ ‘ಇನ್’, ‘ಔಟ್’. ಕಾಲು ಹಾಕಿ ಕೂರುವ ಸೈಕಲ್ಲು, ಕುದುರೆಗೆ ಮತ್ತೆ ‘ಆನ್’. ನಮಗೆ ಎಲ್ಲದಕ್ಕೂ ಹತ್ತು, ಇಳಿ ಎರಡೇ ಸಾಕು. ಇಳಿಯುವುದು ಕೆಳಕ್ಕೇ ತಾನೇ ಎಂದು ‘ಗೆಟ್ ಡೌನ್’ ಎನ್ನುತ್ತೇವೆ. ಎಚ್ಚರಿಕೆ: ಲಂಡನ್ನಿನ ಬಸ್ಸಿನಲ್ಲಿ ಹಾಗೆ ಕೂಗಿದರೆ, ಎಲ್ಲಿಂದಲೋ ಗುಂಡು ಬರುತ್ತಿದೆಯೆಂದು ಜನ ಸೀಟಿನ ಕೆಳಗೆ ಅಡಗಿಯಾರು.

ಸಾಮಾನ್ಯ ದೋಷ: ಜಾರಿಗೆ ಹಾಕಿದ್ದೊಂದು, ರುಬ್ಬಿ ಬಂದದ್ದು ಇನ್ನೊಂದು. ‘ಗೆಟ್ ಓವರ್’ನಿಂದ ಗೋಡೆ ದಾಟಬಹುದು, ಜ್ವರದಿಂದ ಏಳಬಹುದು, ಕೈಕೊಟ್ಟವರನ್ನು ಮರೆಯಲೂಬಹುದು. ‘ಗೆಟ್ ಬೈ’ ಎಂದರೆ ಹೇಗೋ ದಿನ ದೂಡುವುದು. ‘ಗೆಟ್ ಅವೇ ವಿತ್’ ಎಂದರೆ ತಪ್ಪು ಮಾಡಿಯೂ ದಕ್ಕಿಸಿಕೊಳ್ಳುವುದು. ಇದು ದುರಸ್ತಿಯಾಗುವ ದೋಷವಲ್ಲ; ಯಂತ್ರವೇ ಹಾಗೆ.

ತಯಾರಿಕಾ ಟಿಪ್ಪಣಿ: 1930ರಲ್ಲಿ ಸಿ. ಕೆ. ಆಗ್ಡೆನ್ ಎಂಬ ಇಂಗ್ಲಿಷ್ ವಿದ್ವಾಂಸ, ಪರಭಾಷಿಕರಿಗೆ ಸುಲಭವಾಗಲೆಂದು 850 ಪದಗಳ ‘ಬೇಸಿಕ್ ಇಂಗ್ಲಿಷ್’ ಹೊರತಂದ. ಅದರಲ್ಲಿ ಕ್ರಿಯಾಪದಗಳು 18 ಮಾತ್ರ, ‘ಗೆಟ್’ ಅವುಗಳಲ್ಲೊಂದು. ಪದಗಳು ತಗ್ಗಿದವು, ಜೋಡಣೆಗಳು ಉಳಿದವು. ಕಡಾಯಿ, ಕುಕ್ಕರನ್ನೆಲ್ಲ ಮಾರಿ ಮಿಕ್ಸಿಯೊಂದರಲ್ಲೇ ಹಬ್ಬದಡುಗೆ ಮಾಡಿ ಎಂದಂತಾಯಿತು.

ದೂರು ಸಲ್ಲಿಸುವ ಮುನ್ನ: ನಿಮ್ಮ ಮನೆಯ ‘ಹೊಡಿ’ಯನ್ನು ಒಮ್ಮೆ ಬಿಚ್ಚಿ ನೋಡಿ. ಈಜು ಹೊಡೆಯುತ್ತೀರಿ, ಹರಟೆ ಹೊಡೆಯುತ್ತೀರಿ, ನಿದ್ದೆ ಹೊಡೆಯುತ್ತೀರಿ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೀರಿ. ಯಾರಿಗೂ ಏಟು ಬೀಳುವುದಿಲ್ಲ. ಕನ್ನಡ ಕಲಿಯಲು ಬಂದವರು ಇದರ ಕೈಪಿಡಿ ಕೇಳಿದರೆ ಏನು ಕೊಡುತ್ತೀರಿ?

ಅಲ್ಲಿಯವರೆಗೆ ವಾರಂಟಿ ಅನ್ವಯಿಸುವುದಿಲ್ಲ.