ಬೂದುಗುಂಬಳ ಕೇಳಿದ ಕಚೇರಿ

ಕಳೆದ ಶ್ರಾವಣದಲ್ಲಿ, ಮನೆಯವರ ನಿದ್ರೆಗೆ ಭಂಗ ಬಾರದಂತೆ ರಾತ್ರಿಯ ಹೊತ್ತು ಒಂದಿಷ್ಟು ಸಂಗೀತ ಕೇಳಿಕೊಳ್ಳಬೇಕೆಂಬ ನಿರುಪದ್ರವಿಯಾದ ಆಸೆಯೊಂದು ನನ್ನಲ್ಲಿ ಹುಟ್ಟಿ, ಅದಕ್ಕೆ ತಕ್ಕ ಹೆಡ್‌ಫೋನ್ ಯಾವುದೆಂದು ತಿಳಿದವರನ್ನು ವಿಚಾರಿಸುವುದು ಲೇಸೆಂದು ತೋರಿ, ವಿಚಾರಿಸಬಹುದಾದ ನೂರಾರು ಮಂದಿಯನ್ನು ಬಿಟ್ಟು ನಾನು ನಮ್ಮ ಬೀದಿಯ ರಾಯರ ಬಳಿಗೇ ಹೋದೆನೆಂದರೆ, ಅದು ಪೂರ್ವಾರ್ಜಿತ ಕರ್ಮವಲ್ಲದೆ ಮತ್ತೇನು? ಸಂಜೆ ಐದಕ್ಕೆ ಅವರ ಮನೆಯ ಮೆಟ್ಟಿಲು ಹತ್ತಿದವನು ಇಳಿದದ್ದು ಒಂಬತ್ತೂವರೆಗೆ. ಇಳಿಯುವಾಗ ಯಾವ ಹೆಡ್‌ಫೋನ್ ಕೊಳ್ಳಬೇಕೆಂಬುದು ತಿಳಿದಿರಲಿಲ್ಲ. ತಲೆಯಲ್ಲಿ ‘ಓಮ್’ ಎಂಬ ಶಬ್ದವೊಂದೇ ಮೊಳಗುತ್ತಿತ್ತು. ಅದು ಪ್ರಣವವಲ್ಲ, ವಿದ್ಯುತ್ತಿನ ತಡೆಯನ್ನು ಅಳೆಯುವ ಮಾನ.

ಇಂಥ ರಾಯರು ಈಗ ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಿದ್ದಾರೆ. ಎರಡು ತಲೆಮಾರಿನ ಹಿಂದೆ ಹುಟ್ಟಿದ್ದರೆ ಕಾಫಿಬೀಜವನ್ನು ಎಷ್ಟು ಹುರಿಯಬೇಕು, ಚಿಕೋರಿಯನ್ನು ಎಷ್ಟು ಬೆರಸಬೇಕು ಎಂಬ ಜಿಜ್ಞಾಸೆಯಲ್ಲಿ ಆಯುಷ್ಯವನ್ನು ಸವೆಸಿ, ಕಾಫಿ ಆರಿಹೋಯಿತೆಂದು ಮನೆಯವರ ಮೇಲೆ ರೇಗುತ್ತಿದ್ದ ವಂಶದವರೇ ಇವರು. ಬೆಳಗ್ಗೆ ಇವರಿಗೆ ಕರ್ನಾಟಕ ಸಂಗೀತವಾಗಬೇಕು, ಸಂಜೆ ರಾಕ್ ಆಗಬೇಕು. ಈ ಎರಡು ದೋಣಿಯ ಪಯಣಕ್ಕೆ ಅವರು ತೋರಿಸುವ ಪೂರ್ವೋದಾಹರಣೆ ಸಾಮಾನ್ಯವಾದುದಲ್ಲ: ಶ್ರೀವಿದ್ಯಾ ಅಂಕಿತದಲ್ಲಿ 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ, ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ತಮ್ಮ ವೆಚ್ಚದಿಂದ ಧ್ವನಿಮುದ್ರಿಸಿಕೊಟ್ಟರಲ್ಲವೆ? “ಮಹಾಸ್ವಾಮಿಯವರ ಕಿವಿಗೆ ಎರಡೂ ಒಗ್ಗಿತಂತೆ, ನನ್ನ ಕಿವಿ ಏನು ಪಾಪ ಮಾಡಿತ್ತು?” ಎಂದು ರಾಯರು ಕೇಳಿದಾಗ, “ಅವರಿಗೆ ಮೈಸೂರು ಸಂಸ್ಥಾನ ಇತ್ತು, ನಮಗೆ ಪಿಂಚಣಿ,” ಎಂದು ಒಳಗಿನಿಂದ ಉತ್ತರ ಬರುತ್ತದೆ. ಉತ್ತರ ಕೊಡುವವರು ಅವರ ಧರ್ಮಪತ್ನಿ. ಈ ಮನೆಯಲ್ಲಿ ನಿಜವಾದ ಶ್ರವಣಶಕ್ತಿ ಇರುವುದು ಆಕೆಗೇ ಎಂಬುದು ನನ್ನ ಬಹುದಿನದ ಗುಮಾನಿ. 2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಮಳೆಯ ನಡುವೆ ಹಾಡಿದಾಗ ರಾಯರು ಕೊಡೆ ಹಿಡಿದುಕೊಂಡು ಹೋಗಿದ್ದರಂತೆ. ಹಾಡೇನೋ ಸರಿ, ಕೊಡೆಯ ಮೇಲೆ ಬೀಳುತ್ತಿದ್ದ ಹನಿಗಳು ತಾಳ ತಪ್ಪುತ್ತಿದ್ದವೆಂದು ಇಂದಿಗೂ ಕೊರಗುತ್ತಾರೆ.

ವಿಷಯದ ತಿರುಳು ಬಹಳ ದೊಡ್ಡದಲ್ಲ. ಹೆಡ್‌ಫೋನುಗಳಲ್ಲಿ ಬೆನ್ನು ಮುಚ್ಚಿದವು, ಬೆನ್ನು ತೆರೆದವು ಎಂದು ಎರಡು ಜಾತಿ. ಮುಚ್ಚಿದ್ದರಲ್ಲಿ ಹೊರಗಿನ ಸದ್ದು ಸುಲಭವಾಗಿ ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಬೇಸ್ ಗಿಟಾರೂ ಡ್ರಮ್ಮೂ ಗುಮ್ಮೆಂದು ಕೂಡಿಕೊಂಡು ರಾಕ್ ಕೇಳುವವರಿಗೆ ಬೇಕಾದ ಗುದ್ದು ಅಲ್ಲಿ ದೊರೆಯುತ್ತದೆ. ತೆರೆದದ್ದರಲ್ಲಿ ಜಾಲರಿಯ ಮೂಲಕ ಗಾಳಿ ಆಡುವುದರಿಂದ ನಾದವು ತಲೆಬುರುಡೆಯ ಇಕ್ಕಟ್ಟಿಗೆ ಸಿಕ್ಕದೆ, ಪಿಟೀಲು ಒಂದು ಪಕ್ಕ, ಮೃದಂಗ ಮತ್ತೊಂದು ಪಕ್ಕ, ತಂಬೂರಿ ಹಿಂದೆ ಎಂದು ಜಮಖಾನ ಹಾಸಿ ಕೂರಿಸಿದಂತೆ ಹರವಾಗಿ ಕೇಳಿಸುತ್ತದೆ. ಅಂಗಡಿಯ ಹುಡುಗ ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಈ ಮಾತನ್ನು ರಾಯರು, 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಹೆಡ್‌ಫೋನ್ ತಯಾರಿಸಿ ಅಲ್ಲಿಯ ನೌಕಾಪಡೆಗೆ ಮಾರಿದ ಪುರಾಣದಿಂದ ಆರಂಭಿಸಿದರು. ಕಾಫಿ ತಂದಿಟ್ಟ ಪತ್ನಿಯವರು, “ನೋಡಿ, ಆ ಮಹಾನುಭಾವ ಅಡುಗೆಮನೆಗೆ ಹೋಗಿ ಏನಾದರೂ ಮಾಡಿದ,” ಎಂದಷ್ಟೇ ಹೇಳಿ ಒಳಗೆ ಹೋದರು.

ಓಮಿನ ಕಥೆಗೆ ಬರುತ್ತೇನೆ. ರಾಯರ ಪಟ್ಟದ ಆನೆ ಸೆನ್‌ಹೈಸರ್ ಎಚ್‌ಡಿ 600, ಜರ್ಮನ್ ಕಂಪನಿಯವರು 1997ರಲ್ಲಿ ಹೊರತಂದದ್ದು, ಬೆನ್ನು ತೆರೆದದ್ದು, 300 ಓಮ್. ಅಷ್ಟು ಓಮಿನದಕ್ಕೆ ಮೊಬೈಲು ಒದಗಿಸುವ ವಿದ್ಯುತ್ತು ಸಾಲದೆ ದನಿ ಸೊರಗುತ್ತದಾದ್ದರಿಂದ ಪ್ರತ್ಯೇಕ ಆಂಪ್ಲಿಫೈಯರ್ ಬಂತು. ಆಂಪ್ಲಿಫೈಯರಿಗೆ ಶುದ್ಧವಾದ ಸಂಕೇತ ಬೇಕೆಂದು ಡ್ಯಾಕ್ ಎಂಬ ಮತ್ತೊಂದು ಡಬ್ಬಿ ಬಂತು. ಇವೆರಡನ್ನೂ ಇಡಲು ಅದುರದ ಮೇಜು ಬಂತು. ಕೌಪೀನವನ್ನು ಇಲಿ ಕಡಿಯದಿರಲೆಂದು ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕೆಂದು ಹಸು ಕಟ್ಟಿದ ಸನ್ಯಾಸಿಯ ಸಂಸಾರದಂತೆ ಅದು ಬೆಳೆಯುತ್ತಲೇ ಇದೆ. ರಾಕ್ ಸಂಗೀತಕ್ಕೆಂದು ಬೆನ್ನು ಮುಚ್ಚಿದ್ದೊಂದು ಬೇರೆ ಇದೆ. ಅದನ್ನು ಹಾಕಿಕೊಂಡ ದಿನವೇ ಹಾಲು ಉಕ್ಕಿ ಒಲೆಯ ಪಾಲಾಗಿ, ಗ್ಯಾಸಿನವನು ಮೂರು ಸಲ ಗಂಟೆ ಒತ್ತಿ ಸಿಲಿಂಡರನ್ನು ವಾಪಸು ಒಯ್ದದ್ದರಿಂದ, ಒಲೆ ಉರಿಯುತ್ತಿರುವಷ್ಟು ಹೊತ್ತು ರಾಕ್ ನಿಷಿದ್ಧವೆಂಬ ಶಾಸನ ಆ ಮನೆಯಲ್ಲಿ ಜಾರಿಯಲ್ಲಿದೆ. ತೆರೆದದ್ದನ್ನು ಹಾಕಿಕೊಂಡರೆ ಇನ್ನೊಂದು ತಾಪತ್ರಯ: ಕುಕ್ಕರಿನ ಸೀಟಿ ಒಳಗೆ ಬಂದು ರಾಯರ ತೋಡಿಯನ್ನು ಕೆಡಿಸುತ್ತದೆ, ರಾಯರ ತೋಡಿ ಸೊಳ್ಳೆಯ ಗುಂಯ್‌ಗುಡಿತವಾಗಿ ಹೊರಗೆ ಬಂದು ಮನೆಯವರ ಧಾರಾವಾಹಿಯನ್ನು ಕೆಡಿಸುತ್ತದೆ.

ಅವರ ಕಿವಿಯ ಸೂಕ್ಷ್ಮತೆಯ ವಿಚಾರದಲ್ಲಿ ಮಾತ್ರ ನಾನು ಕೈಮುಗಿದೆ. ಮೃದಂಗದ ಎಡಮುಖಕ್ಕೆ ಕಚೇರಿಗೆ ಮುಂಚೆ ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಮೆತ್ತಿ ಅದರ ದನಿಯನ್ನು ತಗ್ಗಿಸುವ ಪದ್ಧತಿ ಸಂಗೀತಪ್ರಿಯರೆಲ್ಲ ಬಲ್ಲದ್ದೆ. ರಾಯರು ಕಣ್ಣು ಮುಚ್ಚಿ, ತಲೆಯನ್ನು ಕೊಂಚ ಬಲಕ್ಕೆ ವಾಲಿಸಿ, ತುಟಿಯ ಮೇಲೆ ಬೆರಳಿಟ್ಟು ಅರ್ಧ ನಿಮಿಷ ಕೇಳಿ, “ಬನ್ಸಿ ರವೆಯಲ್ಲ, ಚಿರೋಟಿ ರವೆ,” ಎಂದು ತೀರ್ಪಿತ್ತರು. ಹಿಂದಿನ ದಿನವಷ್ಟೇ ಉಪ್ಪಿಟ್ಟಿಗೆ ಬನ್ಸಿ ರವೆ ತನ್ನಿರೆಂದು ಕಳುಹಿಸಿದಾಗ ಇದೇ ರಾಯರು ಚಿರೋಟಿ ರವೆ ತಂದು, ಉಪ್ಪಿಟ್ಟು ಅಂಟಾದುದನ್ನು ಪತ್ನಿಯವರು ಬಾಗಿಲಲ್ಲಿ ನಿಂತು ನನಗೆ ಸವಿಸ್ತಾರವಾಗಿ ವಿವರಿಸಿದರು. ಕಣ್ಣಿಗೆ ಕಾಣದ್ದು ಕಿವಿಗೆ ಕೇಳಬಹುದಷ್ಟೆ.

ಹೊಸ ಹೆಡ್‌ಫೋನನ್ನು ನೂರು ಗಂಟೆ ಹಾಡಿಸಿ ಪಳಗಿಸಿದ ಹೊರತು ಅದರ ನಿಜಸ್ವರೂಪ ಪ್ರಕಟವಾಗದೆಂಬುದು ಈ ಪಂಥದ ಆಚಾರ. ವಿಜ್ಞಾನ ಬಲ್ಲವರಲ್ಲಿ ಅನೇಕರು, ಪಳಗುವುದು ಹೆಡ್‌ಫೋನಲ್ಲ, ಕೇಳುವವನ ಕಿವಿ ಎನ್ನುತ್ತಾರೆ. ಆಚಾರಕ್ಕೂ ವಿಜ್ಞಾನಕ್ಕೂ ಎಂದು ಆಗಿಬಂದಿತ್ತು? ಪಟ್ಟಿ ತಲೆಯನ್ನು ಬಿಗಿಯದಂತೆ ಸಡಿಲಗೊಳಿಸಲು ತಲೆಯಷ್ಟೇ ದಪ್ಪನೆಯ ವಸ್ತುವೊಂದು ಬೇಕಾಗಿ, ರಾಯರು ಉಗ್ರಾಣದಲ್ಲಿದ್ದ ಬೂದುಗುಂಬಳವನ್ನು ಆರಿಸಿಕೊಂಡರು. ನಡುಮನೆಯ ಮಣೆಯ ಮೇಲೆ ವಿರಾಜಮಾನವಾಗಿ, ಎರಡು ಕಡೆಗೂ ಮಖಮಲ್ಲಿನ ದಿಂಬು ಒತ್ತಿಸಿಕೊಂಡು, ಮೈಯ ಬೂದಿ ಕೊಂಚವೂ ಕದಡದಂತೆ ಆ ಕುಂಬಳ ನಾಲ್ಕು ಹಗಲು ನಾಲ್ಕು ರಾತ್ರಿ ಒಂದೇ ಸಮನೆ ಸಂಗೀತ ಕೇಳಿತು. ಯಾವ ಸಭೆಯಲ್ಲಿಯೂ ಅಷ್ಟು ಶಾಂತಚಿತ್ತದಿಂದ, ತಪ್ಪುತಾಳ ಹಾಕದೆ, ನಡುವೆ ಎದ್ದು ಬೋಂಡದ ಅಂಗಡಿಗೆ ಹೋಗದೆ ಕೇಳಿದ ಶ್ರೋತೃವನ್ನು ನಾನು ಕಂಡಿಲ್ಲ. ಐದನೆಯ ದಿನ ಅದರ ಮಜ್ಜಿಗೆಹುಳಿ ಮಾಡಿದ್ದರು; ನಾನೂ ಊಟಕ್ಕಿದ್ದೆ. ಉಪ್ಪು ಸ್ವಲ್ಪ ಮುಂದಾಗಿತ್ತೇ ಹೊರತು ಬೇರೆ ವಿಶೇಷ ತೋರಲಿಲ್ಲ.

ಇಷ್ಟೆಲ್ಲ ಸಿದ್ಧತೆಯ ಬಳಿಕ ರಾಯರು ಕೇಳುವುದೇನು? ಪರೀಕ್ಷೆಗೆಂದು ಆಯ್ದ ನಲವತ್ತು ತುಣುಕುಗಳು. ಪ್ರತಿಯೊಂದರಲ್ಲಿಯೂ ಮೊದಲ ಒಂದು ನಿಮಿಷ. ಪಲ್ಲವಿಯ ಎರಡನೆಯ ಸಂಗತಿಗೆ ಬರುವಷ್ಟರಲ್ಲಿ ಯಾವುದೋ ಗುಂಡಿ ತಿರುಗಿಸಿ ಮತ್ತೆ ಮೊದಲಿನಿಂದ. ಅವರು ಚರಣವನ್ನು ಕೇಳಿ ಎಷ್ಟೋ ವರ್ಷಗಳಾಗಿರಬೇಕು. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಒಮ್ಮೆ ನನ್ನ ಜೊತೆ ಬಂದರು. ಗಾಯಕರು ಅಂದು ಅಸಾಧಾರಣವಾಗಿ ಹಾಡುತ್ತಿದ್ದರು. ರಾಯರು ಮಾತ್ರ ಚಪ್ಪರದ ಮೈಕಿನವನ ಕಡೆಗೇ ದುರುಗುಟ್ಟಿ ನೋಡುತ್ತ, ಹಿಂದಿನ ಸಾಲಿನವರಿಗೂ ಕೇಳಲೆಂದು ಪಿಟೀಲಿಗೆ ಏಳು ತಂತಿ ಬಿಗಿದ ಚೌಡಯ್ಯನವರ ಕಾಲವನ್ನು ನೆನೆದು ನಿಟ್ಟುಸಿರಿಟ್ಟು, ಇದೇ ರಾಗವನ್ನು ಮನೆಯಲ್ಲಿ ‘ಸರಿಯಾಗಿ’ ಕೇಳುವೆನೆಂದು ತನಿಗೆ ಮೊದಲೇ ಎದ್ದು ಹೋದರು.

ನಾನು ಅವರಿಗೆ ತಿಳಿಸದೆ ಎಸ್.ಪಿ. ರಸ್ತೆಗೆ ಹೋಗಿ ಸಾವಿರದ ಇನ್ನೂರು ರೂಪಾಯಿಗೆ ಒಂದನ್ನು ಕೊಂಡುತಂದೆ. ಎಷ್ಟು ಓಮೆಂದು ಕೇಳಲಿಲ್ಲ. ರಾಯರು ಬಂದಾಗ, ಹುಡುಗರು ಪತ್ತೇದಾರಿ ಕಾದಂಬರಿಯನ್ನು ಬಚ್ಚಿಡುವಂತೆ, ಅದನ್ನು ದಿಂಬಿನಡಿ ತಳ್ಳುತ್ತೇನೆ.

ಮೊನ್ನೆ ಭಾನುವಾರ ಅವರಿಂದ ತುರ್ತು ಕರೆ ಬಂದು ಹೋದೆ. ಬೀಟಲ್ಸ್ ತಂಡದವರು 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ತಟ್ಟೆಯ ತುದಿಯಲ್ಲಿ ತಮಾಷೆಗೆಂದು, ನಾಯಿಗಳಿಗೆ ಕೇಳಲಿ ಎಂದು, ಸುಮಾರು 15,000 ಹರ್ಟ್ಸಿನ ಸೀಟಿಯೊಂದನ್ನು ಅಡಗಿಸಿಟ್ಟಿದ್ದಾರೆ. ಮನುಷ್ಯನ ಕಿವಿಗೆ 20ರಿಂದ 20,000ದ ತನಕ ಕೇಳುವುದೆಂದು ಪುಸ್ತಕ ಹೇಳುತ್ತದೆ. ರಾಯರಿಗೆ ಆ ಸೀಟಿ ಕೇಳುತ್ತಿಲ್ಲ. ಆರು ಸಲ ಹಾಕಿದರೂ ನಿಶ್ಶಬ್ದ. ಹತ್ತು ವರ್ಷದ ಮೊಮ್ಮಗಳ ತಲೆಗೆ ಹೆಡ್‌ಫೋನ್ ಏರಿಸಿದರು, ಅವಳು ಮುಖ ಕಿವಿಚಿ, “ಅಯ್ಯೋ ತಾತ, ಚುಚ್ಚತ್ತೆ!” ಎಂದು ಕಿತ್ತು ಅವರ ಕೈಗಿತ್ತಳು. ರಾಯರು ನನಗೆ ಹಾಕಿ ನನ್ನ ಮುಖವನ್ನೇ ದೈನ್ಯದಿಂದ ನೋಡಿದರು. ನನಗೂ ಏನೂ ಕೇಳಲಿಲ್ಲವೆಂದು ಒಪ್ಪಿಕೊಂಡೆ, ನನಗೂ ಅರವತ್ತಮೂರಾಯಿತು.

“ನಿಮಗೂ ಇಲ್ಲ ತಾನೆ?” ಎಂದು ರಾಯರ ಮುಖ ಅರಳಿತು. “ಹಾಗಾದರೆ ಕೇಬಲ್ಲಿನದೇ ದೋಷ. ಮಕ್ಕಳ ಕಿವಿಗೆ ಎಂಥ ಕೇಬಲ್ಲಾದರೂ ನಡೆಯುತ್ತದೆ.”

ಬೆಳ್ಳಿಯ ಎಳೆಗಳ ಕೇಬಲ್ಲಿಗೆ ಅಳತೆ ತೆಗೆಯಲು ಅವರು ಟೇಪನ್ನು ಹಿಡಿದು ನೆಲದ ಮೇಲೆ ಮಂಡಿಯೂರಿದರು, ಇನ್ನೊಂದು ತುದಿಯನ್ನು ನಾನು ಹಿಡಿದೆ. ಮೊಮ್ಮಗಳು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದು ಹೇಳಿದಳು:

“ತಾತ, ಅಜ್ಜಿ ಆಗಿನಿಂದ ಕೂಗ್ತಾ ಇದಾರೆ.”